ನಾಲ್ಕೂವರೆಗೆ ಎಚ್ಚರವಾಗುವ ಮನೆ

ಗಣೇಶನ ಹಬ್ಬ ಕಳೆದು ಹದಿನೈದು ದಿನಗಳಾಗಿದ್ದಾಗ ನಲವತ್ತೇಳು ವರ್ಷದ ಗೃಹಿಣಿಯೊಬ್ಬರನ್ನು ಅವರ ಪತಿ ಶಿವಮೊಗ್ಗದ ನಮ್ಮ ಕ್ಲಿನಿಕ್‌ಗೆ ಕರೆತಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಗುತ್ತದೆ, ಮತ್ತೆ ನಿದ್ರೆ ಹತ್ತುವುದಿಲ್ಲ ಎಂಬುದು ಅವರ ದೂರು. ಮಾಮೂಲಿಗಿಂತ ಎರಡು ಗಂಟೆ ಮುಂಚೆಯೇ ಎಚ್ಚರವಾಗುವುದು ತೀವ್ರ ಖಿನ್ನತೆಯ ಲಕ್ಷಣವೆಂದು ಪತಿ ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದರು. ಅವರು ಓದಿದ್ದು ಸರಿಯೇ, ನಮ್ಮ ಪಠ್ಯಪುಸ್ತಕಗಳಲ್ಲೂ ಹಾಗೆಯೇ ಇದೆ. ಆದರೆ ಈಕೆಯ ಮಾಮೂಲಿ ಯಾವುದೆಂದು ಯಾರೂ ಕೇಳಿರಲಿಲ್ಲ. ಮಗಳು ಮನೆಯಲ್ಲಿದ್ದಾಗ ಎಷ್ಟು ಗಂಟೆಗೆ ಏಳುತ್ತಿದ್ದಿರಿ ಎಂದೆ. "ನಾಲ್ಕೂವರೆಗೇ. ಓದಲು ಎಬ್ಬಿಸಬೇಕಿತ್ತಲ್ಲ" ಎಂದರು. ಪತಿ ತಲೆಯೆತ್ತಿ ಅವರ ಮುಖ ನೋಡಿದರು.

ಮಗಳು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಸೇರಿ ಐದು ವಾರಗಳಾಗಿದ್ದವು. ಎರಡು ವರ್ಷ ಅಲಾರಾಂ ಇಟ್ಟುಕೊಂಡು ಎದ್ದ ದೇಹಕ್ಕೆ ಅಲಾರಾಂ ಬಂದ್ ಮಾಡಿದ ಸುದ್ದಿ ಇನ್ನೂ ತಲುಪಿರಲಿಲ್ಲ. ಎದ್ದವರು ಕತ್ತಲಲ್ಲೇ ಅಡುಗೆಮನೆಗೆ ಹೋಗಿ, ಹಾಲಿನ ಪಾತ್ರೆ ಒಲೆಯ ಮೇಲಿಟ್ಟು, ಬೆಂಕಿ ಹಚ್ಚಿದ ಮೇಲೆ ಈ ಹಾಲು ಯಾರಿಗೆಂದು ನೆನಪಾಗಿ ಅಲ್ಲೇ ನಿಂತುಬಿಡುತ್ತಿದ್ದರಂತೆ. ಊಟ ಸೇರುತ್ತಿತ್ತು, ಮಧ್ಯಾಹ್ನ ತಂಗಿಯೊಡನೆ ಫೋನಿನಲ್ಲಿ ನಗುತ್ತಿದ್ದರು, ಸಂಜೆ ದೇವಸ್ಥಾನಕ್ಕೆ ಹೋಗುವ ಉತ್ಸಾಹವೂ ಇತ್ತು. ಆದ್ದರಿಂದ ಖಿನ್ನತೆಯ ಮಾತ್ರೆ ಬರೆಯುವ ಅವಸರ ನನಗೆ ಕಾಣಲಿಲ್ಲ.

ಇಂಥ ತಂದೆತಾಯಿಯರು ಪ್ರತಿ ವರ್ಷವೂ ಸಿಇಟಿ ಸೀಟು ಹಂಚಿಕೆ ಮುಗಿದು ತರಗತಿಗಳು ಶುರುವಾದ ಮೇಲೆ ಒಬ್ಬೊಬ್ಬರಾಗಿ ಬರುತ್ತಾರೆ. ಹೆಚ್ಚಿನವರು ಮಗು ಊರು ಬಿಟ್ಟಿದ್ದನ್ನು ತಾವಾಗಿ ಹೇಳುವುದಿಲ್ಲ, ಎದೆಯುರಿ, ತಲೆನೋವು, ನಿದ್ರೆ, ಸಿಡುಕು ಎಂದೇ ಆರಂಭಿಸುತ್ತಾರೆ. ಪತ್ರಿಕೆಗಳು ಇದನ್ನು 'ಖಾಲಿ ಗೂಡು' ಎಂದು ಕರೆಯುತ್ತವೆ. ಆ ಹೆಸರು ನನಗೆ ಎರಡು ಕಾರಣಗಳಿಂದ ಹಿಡಿಸುವುದಿಲ್ಲ. ಒಂದು, ಅದು ಕಾಯಿಲೆಯ ಹೆಸರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣದಲ್ಲಾಗಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಾಗಲಿ ಅಂಥದೊಂದು ರೋಗವಿಲ್ಲ. ಇನ್ನೊಂದು, ನಮ್ಮ ಮನೆಗಳಲ್ಲಿ ಗೂಡು ಖಾಲಿಯಾಗುವುದೇ ಅಪರೂಪ. ಮಗಳ ಹಾಲಿನ ಲೋಟ ಹೋದ ಜಾಗಕ್ಕೆ ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿ ಬಂದಿರುತ್ತದೆ, ಹೈಸ್ಕೂಲಿನ ಕಿರಿಯವನು ಹಿಂದಿನ ಕೋಣೆಯಲ್ಲಿರುತ್ತಾನೆ.

ಹೋದದ್ದು ಮನೆಯ ವೇಳಾಪಟ್ಟಿ ಎಂದು ನಾನು ಭಾವಿಸಿದ್ದೇನೆ. ದ್ವಿತೀಯ ಪಿಯು ಓದುವ ವಿದ್ಯಾರ್ಥಿ ಇರುವ ಮನೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಪರೀಕ್ಷೆಯ ಮುಖ್ಯ ವಿಷಯಗಳ ಅಂಕವನ್ನೂ ಸಿಇಟಿ ಅಂಕವನ್ನೂ ಸಮಪಾಲಾಗಿ ಸೇರಿಸುವುದರಿಂದ ಎರಡರಲ್ಲಿ ಒಂದನ್ನೂ ಕೈಬಿಡುವಂತಿಲ್ಲ. ವೈದ್ಯಕೀಯದ ಆಸೆಯಿದ್ದರೆ ನೀಟ್ ಬೇರೆ. ಹೀಗಾಗಿ ಟಿವಿಯ ಸದ್ದಡಗುತ್ತದೆ, ಹತ್ತಿರದವರ ಮದುವೆಗೆ ಗಂಡನೊಬ್ಬನೇ ಹೋಗಿ ಉಡುಗೊರೆ ಕೊಟ್ಟು ಬರುತ್ತಾನೆ, ಕೆಲಸಕ್ಕೆ ಹೋಗುವ ತಾಯಿ ಸಾಲವಾಗಿ ರಜೆ ಪಡೆಯುತ್ತಾಳೆ, ತಂದೆ ಟ್ಯೂಷನ್ನಿನ ಗೇಟಿನ ಬಳಿ ರಾತ್ರಿ ಎಂಟೂವರೆಗೆ ಸ್ಕೂಟರ್ ಮೇಲೆ ಕೂತಿರುತ್ತಾನೆ. ಇಡೀ ಮನೆ ಎರಡು ವರ್ಷ ಒಬ್ಬರ ಪರೀಕ್ಷೆಯ ಸುತ್ತ ತಿರುಗಿರುತ್ತದೆ. ಯಾವ ಕಚೇರಿಯಲ್ಲೂ ಇಷ್ಟು ಶ್ರದ್ಧೆಯಿಂದ ಯಾರೂ ಕೆಲಸ ಮಾಡುವುದನ್ನು ನಾನು ಕಂಡಿಲ್ಲ. ಆಗಸ್ಟಿನ ಒಂದು ಬೆಳಿಗ್ಗೆ ಹಾಸಿಗೆ, ಬಕೆಟ್ಟು, ಚಟ್ನಿಪುಡಿ ಡಬ್ಬಿಗಳನ್ನು ಹಾಸ್ಟೆಲ್ ಕೋಣೆಯಲ್ಲಿ ಇಳಿಸಿ ಬಂದ ಕೂಡಲೇ ಆ ಕೆಲಸ ಮುಗಿದುಹೋಗುತ್ತದೆ. ನಿವೃತ್ತಿಯ ದಿನ ಹಾರ ಹಾಕಿ ಭಾಷಣ ಮಾಡುವವರಾದರೂ ಇರುತ್ತಾರೆ. ಇಲ್ಲಿ ಅದೂ ಇಲ್ಲ.

ಕೆಲಸ ಮುಗಿದರೂ ಕೆಲಸಗಾರರು ನಿಲ್ಲಿಸುವುದಿಲ್ಲ, ಉಪಕರಣವನ್ನಷ್ಟೇ ಬದಲಿಸುತ್ತಾರೆ. ಸ್ಕೂಟರಿನ ಜಾಗಕ್ಕೆ ಮೊಬೈಲ್ ಬರುತ್ತದೆ. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಒಬ್ಬ ತಂದೆ, ಮಗನ ಫೋನಿನ ಲೊಕೇಶನ್ನನ್ನು ದಿನಕ್ಕೆ ನಲವತ್ತು ಸಲ ನೋಡುತ್ತಿದ್ದೇನೆಂದು ತಾವೇ ಎಣಿಸಿ ಹೇಳಿದರು. ರಾತ್ರಿ 1.40ಕ್ಕೆ ಮಗ ವಾಟ್ಸ್ಆ್ಯಪ್‌ನಲ್ಲಿ ಕಾಣಿಸಿಕೊಂಡಿದ್ದು ಅವರಿಗೆ ಗೊತ್ತಿತ್ತು, ಅಂದರೆ ಅವರೂ 1.40ಕ್ಕೆ ಎಚ್ಚರವಿದ್ದರು. ಮರುದಿನ ಬೆಳಿಗ್ಗೆ ಕರೆ ಮಾಡಿ ಅಷ್ಟು ಹೊತ್ತಿನ ತನಕ ಏನು ಮಾಡುತ್ತಿದ್ದೆ ಎಂದು ಕೇಳಿದ್ದರಿಂದ ಮಗ ಮೂರು ದಿನ ಫೋನ್ ಎತ್ತಲಿಲ್ಲ, ಮೂರು ದಿನ ಎತ್ತದ್ದರಿಂದ ಇವರು ವಾರ್ಡನ್‌ಗೆ ಫೋನ್ ಮಾಡಿದರು, ವಾರ್ಡನ್ ಎಲ್ಲರೆದುರು ವಿಚಾರಿಸಿದ್ದರಿಂದ ಹುಡುಗ ನಗೆಪಾಟಲಾದ. ನೋಡಿದಷ್ಟೂ ಆತಂಕ ಹೆಚ್ಚುವುದು ಆತಂಕದ ಸ್ವಭಾವ. ಪ್ರತಿ ಸಲ ನೋಡಿದಾಗ ಕ್ಷಣಕಾಲ ನಿರಾಳವೆನಿಸುತ್ತದೆ, ಆ ನಿರಾಳತೆಯೇ ಮುಂದಿನ ನೋಟಕ್ಕೆ ಬೀಜವಾಗುತ್ತದೆ. ಬೀಗ ಹಾಕಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಎಳೆದು ನೋಡುವವರಲ್ಲೂ ನಡೆಯುವುದು ಇದೇ.

ನಾನು ಫೋನ್ ಮಾಡಬೇಡಿ ಎನ್ನುವುದಿಲ್ಲ. ಕರೆಯ ಸಮಯವನ್ನು ಮಕ್ಕಳು ನಿಗದಿಪಡಿಸಲಿ ಎನ್ನುತ್ತೇನೆ. ರಾತ್ರಿ ಒಂಬತ್ತಕ್ಕೋ, ದಿನ ಬಿಟ್ಟು ದಿನವೋ, ಅದು ಅವರ ಮಾತಾಗಿದ್ದರೆ ಉಳಿಸಿಕೊಳ್ಳುತ್ತಾರೆ. "ಊಟ ಆಯ್ತಾ" ಎಂಬ ಪ್ರಶ್ನೆಯನ್ನು ಬಿಡಬೇಕೆಂದು ಸಲಹೆ ಕೊಡುವ ಆಪ್ತಸಮಾಲೋಚಕರಿದ್ದಾರೆ; ನನಗೆ ಅದು ಒಪ್ಪಿಗೆಯಿಲ್ಲ. ಕನ್ನಡದಲ್ಲಿ ಅದು ಪ್ರಶ್ನೆಯೇ ಅಲ್ಲ, ಮಾತು ಶುರುಮಾಡುವ ರೀತಿ. ಅದರ ಹಿಂದೆಯೇ ಬರುವ ಇಂಟರ್ನಲ್ಸ್‌ನಲ್ಲಿ ಎಷ್ಟು ಬಂತು, ಯಾರ ಜೊತೆ ಹೋಗಿದ್ದೆ, ಎಷ್ಟು ಖರ್ಚಾಯಿತು ಎಂಬ ಮೂರು ಪ್ರಶ್ನೆಗಳು ಮಾತನ್ನು ತನಿಖೆಯಾಗಿಸುತ್ತವೆ. ಕರೆಯಲ್ಲಿ ಮನೆಯ ಸುದ್ದಿಯನ್ನೂ ಹೇಳಿ: ಪಕ್ಕದ ಮನೆಯ ನಾಯಿ ಮರಿ ಹಾಕಿದ್ದು, ಅಜ್ಜಿ ಹಲ್ಲಿನ ಸೆಟ್ಟು ಕಳೆದುಕೊಂಡು ಫ್ರಿಜ್ಜಿನಲ್ಲಿ ಹುಡುಕಿದ್ದು. ಹೊಸ ಊರಿನಲ್ಲಿ ನಾಲ್ಕು ಅಪರಿಚಿತರ ನಡುವೆ ಮಲಗುವ ಹುಡುಗಿಗೆ ಬೇಕಾಗಿರುವುದು ಇದೇ. ರ‍್ಯಾಗಿಂಗ್‌ನ ಸುಳಿವು ಸಿಕ್ಕರೆ ಮಾತ್ರ ಕಾಯುವ ಪ್ರಶ್ನೆಯಿಲ್ಲ. ಯುಜಿಸಿಯ ಸಹಾಯವಾಣಿ 1800-180-5522 ಹಗಲು ರಾತ್ರಿ ಕೆಲಸ ಮಾಡುತ್ತದೆ.

ಗಂಡ ಹೆಂಡತಿಯರ ವಿಷಯ ಸೂಕ್ಷ್ಮವಾದದ್ದು. ಹದಿನೆಂಟು ವರ್ಷ ಮಗುವಿನ ಮೂಲಕವೇ ಮಾತಾಡಿದವರಿಗೆ ಆ ಸೇತುವೆ ತೆಗೆದ ಮೇಲೆ ಮಾತು ಎಲ್ಲಿಂದ ಶುರುಮಾಡಬೇಕೆಂದು ತೋಚುವುದಿಲ್ಲ. ಮೇಲೆ ಹೇಳಿದ ಗೃಹಿಣಿ, ರಾತ್ರಿ ಊಟಕ್ಕೆ ಕೂತರೆ ಫ್ಯಾನಿನ ಸದ್ದು ಕೇಳಿಸುತ್ತದೆ ಎಂದಿದ್ದರು. ಆದರೂ ಇಲ್ಲಿ ಭರವಸೆಗೆ ಆಧಾರವಿದೆ. ಅಮೆರಿಕದ ಮಿಲ್ಸ್ ಕಾಲೇಜಿನಲ್ಲಿ 1958 ಮತ್ತು 1960ರಲ್ಲಿ ಪದವಿ ಪಡೆದ ಮಹಿಳೆಯರನ್ನು ದಶಕಗಳ ಕಾಲ ಹಿಂಬಾಲಿಸಿದ ಸಂಶೋಧಕರು, ಮಕ್ಕಳು ಮನೆ ಬಿಟ್ಟ ಮೇಲೆ ಅವರ ದಾಂಪತ್ಯದ ತೃಪ್ತಿ ಹೆಚ್ಚಿದ್ದನ್ನು ಕಂಡರು. ಒಟ್ಟಿಗೆ ಕಳೆದ ಗಂಟೆಗಳು ಹೆಚ್ಚಿದ್ದರಿಂದ ಹಾಗಾಗಿರಲಿಲ್ಲ, ಆ ಗಂಟೆಗಳು ಹೆಚ್ಚು ಹಿತವಾಗಿದ್ದವು. ಅತ್ತೆಮಾವನ ಜೊತೆಗಿರುವ ನಮ್ಮ ಮನೆಗಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು, ಆದರೆ ಪ್ರವಾಸದ ಟಿಕೆಟ್ ತೆಗೆಯುವ ಮೊದಲು ಸಂಜೆಯ ಅರ್ಧ ಗಂಟೆಯ ಕಾಫಿಯನ್ನು ಸರಿಮಾಡಿಕೊಳ್ಳಿ ಎಂದು ನಾನು ಹೇಳುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಸಂಗತಿಯನ್ನು ವೈದ್ಯನಾಗಿ ಒತ್ತಿ ಹೇಳಬೇಕಾಗಿದೆ. ಭಾರತೀಯ ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46ರಿಂದ 47. ಮೊದಲ ಮಗು ಕಾಲೇಜಿಗೆ ಹೊರಡುವ ವಯಸ್ಸೂ ಅನೇಕರಿಗೆ ಅದೇ. ರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು, ನಿದ್ರೆ ಮುರಿಯುವುದು, ಕಾರಣವಿಲ್ಲದೆ ಕಣ್ಣು ತುಂಬುವುದು, ಇವೆಲ್ಲವನ್ನೂ "ಮಗನನ್ನು ನೆನೆಸಿಕೊಳ್ಳುತ್ತಾಳೆ" ಎಂದು ಮನೆಯವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಥೈರಾಯ್ಡ್, ಹಿಮೋಗ್ಲೋಬಿನ್, ಸಸ್ಯಾಹಾರಿಗಳಾದರೆ ಬಿ12 ಪರೀಕ್ಷೆ ಮಾಡಿಸದೆ ನಾನು ಮಗನ ಮೇಲೆ ಆರೋಪ ಹೊರಿಸುವುದಿಲ್ಲ.

ಕಿರಿಯ ಮಗುವಿನ ಬಗ್ಗೆ ಒಂದೇ ಮಾತು. ಅಕ್ಕ ಹೋದ ಮರುವಾರವೇ ಒಂಬತ್ತನೇ ತರಗತಿಯ ಹುಡುಗನನ್ನು ಬೆಳಗಿನ ಜಾವ ಎಬ್ಬಿಸತೊಡಗಿದ ಮನೆಗಳನ್ನು ನಾನು ನೋಡಿದ್ದೇನೆ. ಅವನಿಗೆ ನಿದ್ರೆ ಬೇಕು, ಖಾಲಿಯಾದ ಹುದ್ದೆಗೆ ಅವನನ್ನು ನೇಮಿಸಬೇಡಿ.

ದೀಪಾವಳಿಗೆ ಮಗು ಮೊದಲ ಸಲ ಮನೆಗೆ ಬರುವುದನ್ನು ತಂದೆತಾಯಿ ದಿನ ಎಣಿಸಿ ಕಾಯುತ್ತಾರೆ. ಬಂದ ಮಗಳು ಹನ್ನೊಂದರವರೆಗೆ ಮಲಗುತ್ತಾಳೆ, ಹೋಳಿಗೆ ಅರ್ಧ ತಿನ್ನುತ್ತಾಳೆ, ಸಂಜೆ ಹಳೆಯ ಗೆಳತಿಯರ ಜೊತೆ ಹೊರಟುಹೋಗುತ್ತಾಳೆ. ನಾವು ಬೇಡವಾದೆವೇ ಎಂದು ತಾಯಿಗೆ ಅನ್ನಿಸುತ್ತದೆ. ಹಾಸ್ಟೆಲ್ಲಿನ ಗದ್ದಲದಲ್ಲಿ ಮೂರು ತಿಂಗಳು ಸರಿಯಾಗಿ ನಿದ್ರಿಸದವಳು ನಿಶ್ಚಿಂತೆಯಿಂದ ಮಲಗುವ ಜಾಗವೆಂದರೆ ಇದೊಂದೇ ಎಂಬುದು ನನ್ನ ವಿವರಣೆ. ಅವಳ ಕೋಣೆಯನ್ನು ಮೊದಲ ವರ್ಷ ಸಾಮಾನು ತುಂಬುವ ಕೋಣೆ ಮಾಡಬೇಡಿ. ಪೂಜೆಯ ಕೋಣೆಯಂತೆ ಮುಚ್ಚಿಯೂ ಇಡಬೇಡಿ.

ಯಾವಾಗ ವೈದ್ಯರ ಬಳಿ ಹೋಗಬೇಕು? ದಿನದ ಬಹುಪಾಲು ಹೊತ್ತು ಬೇಸರ ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಬಿಡದೆ ಮುಂದುವರಿದರೆ, ಊಟ ಸೇರದೆ ತೂಕ ಇಳಿದರೆ, ಕುಡಿತ ಹೆಚ್ಚಿದರೆ (ತಂದೆಯಂದಿರಲ್ಲಿ ಇದು ಮೊದಲು ಕಾಣಿಸುತ್ತದೆ), ಬದುಕಿ ಪ್ರಯೋಜನವಿಲ್ಲ ಎಂಬ ಮಾತು ಬಂದರೆ ಕೂಡಲೇ ಹೋಗಿ. ರಾತ್ರಿಯ ಹೊತ್ತಾದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಯ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಉಳಿದವರಲ್ಲಿ ಹೆಚ್ಚಿನವರು ಕೆಲವು ತಿಂಗಳುಗಳಲ್ಲಿ ತಾವಾಗಿ ಸರಿಹೋಗುತ್ತಾರೆ.

ಆ ಗೃಹಿಣಿಗೆ ನಾನು ಹೇಳಿದ್ದು ಇಷ್ಟೇ: ಮಲಗುವ ಸಮಯವನ್ನೂ ಏಳುವ ಸಮಯವನ್ನೂ ನಾಲ್ಕೈದು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂದಕ್ಕೆ ತಳ್ಳಿ, ಮಧ್ಯಾಹ್ನದ ನಿದ್ರೆ ಬಿಡಿ, ಎದ್ದ ಮೇಲೆ ಬೆಳಕಿಗೆ ಹೋಗಿ, ಎಚ್ಚರವಾದರೂ ಅಡುಗೆಮನೆಗೆ ಹೋಗಬೇಡಿ. ಡಿಸೆಂಬರ್ ಕೊನೆಯಲ್ಲಿ ಅವರು ಒಬ್ಬರೇ ಬಂದರು. ಈಗ ಐದೂಮುಕ್ಕಾಲಕ್ಕೆ ಎಚ್ಚರವಾಗುತ್ತದಂತೆ, ಪತಿಯೊಡನೆ ತುಂಗಾ ದಂಡೆಯವರೆಗೆ ನಡೆಯುತ್ತಾರಂತೆ, ಅವರು ತುಂಬಾ ನಿಧಾನ ಎಂಬ ದೂರೂ ಇತ್ತು. ಮಗಳು ರಜೆ ಮುಗಿಸಿ ಬೆಳಗಿನ ಜನಶತಾಬ್ದಿ ಹತ್ತುವ ದಿನ ಮಾತ್ರ ಯಾವ ಅಲಾರಾಂ ಇಲ್ಲದೆ ಸರಿಯಾಗಿ ನಾಲ್ಕೂವರೆಗೆ ಎದ್ದೆ ಎಂದರು.