ಬಾಸ್ಕರ್‌ವಿಲ್ ಅಕ್ಷರಶೈಲಿ: ಕಾಗದದಿಂದ ಅಕ್ಷರದವರೆಗೆ

ಬಾಸ್ಕರ್‌ವಿಲ್ ಅನ್ನು ಮುದ್ರಣಕಲೆಯ ಪಾಠಗಳಲ್ಲಿ ಸಂಕ್ರಮಣ ಕಾಲದ ಸೆರಿಫ್ ಅಕ್ಷರಶೈಲಿ ಎಂದು ವರ್ಗೀಕರಿಸುತ್ತಾರೆ. ಎಂದರೆ, ಕ್ಯಾಸ್ಲನ್‌ನಂಥ ಹಳೆಯ ಶೈಲಿಗೂ ಬೊಡೋನಿಯಂಥ ಆಧುನಿಕ ಶೈಲಿಗೂ ನಡುವೆ ಅದರ ಸ್ಥಾನ. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಆ ಅಕ್ಷರದ ರೂಪಕ್ಕೆ ಕಾರಣವೇನೆಂದು ತಿಳಿಯಬೇಕಾದವರು ಅದನ್ನು ಒತ್ತಿದ ಕಾಗದವನ್ನು ಗಮನಿಸಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ಸೆರಿಫ್ ಎಂಬುದು ರೋಮನ್ ಅಕ್ಷರದ ಗೆರೆಯ ತುದಿಯಲ್ಲಿರುವ ಚಿಕ್ಕ ಚಾಚು. ಅದನ್ನು ಕನ್ನಡದ ತಲೆಕಟ್ಟಿಗೆ ಹೋಲಿಸುವುದು ಸರಿಯಲ್ಲ. ತಲೆಕಟ್ಟು ಸ್ವರವನ್ನು ಸೂಚಿಸುತ್ತದೆ, ಅದನ್ನು ತೆಗೆದರೆ ಅಕ್ಷರವೇ ಕೆಡುತ್ತದೆ. ಸೆರಿಫ್ ತೆಗೆದರೂ ರೋಮನ್ ಅಕ್ಷರ ಅದೇ ಅಕ್ಷರವಾಗಿ ಉಳಿಯುತ್ತದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ ಮೊದಲಿಗೆ ಸುಂದರ ಬರವಣಿಗೆಯನ್ನು ಕಲಿಸುತ್ತಿದ್ದವರು. ಸಮಾಧಿಶಿಲೆಗಳ ಮೇಲೆ ಅಕ್ಷರ ಕೆತ್ತುತ್ತಿದ್ದವರು. ಮೆರುಗೆಣ್ಣೆ ಬಳಿದ ಸಾಮಾನುಗಳ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ಅವರು 1750ರ ಸುಮಾರಿನಿಂದ ಮುದ್ರಣಕ್ಕೆ ತೊಡಗಿಸಿದರು. ಅವರ ವಿನ್ಯಾಸಕ್ಕೆ, ಮೊಳೆಗಳ ಎರಕದಚ್ಚು ಮಾಡಲು ಬೇಕಾದ ಉಕ್ಕಿನ ಪಂಚ್‌ಗಳನ್ನು ಕೆತ್ತಿದವರು ಜಾನ್ ಹ್ಯಾಂಡಿ. ಲೇಖನಿಯ ಗೆರೆಯಲ್ಲಿ ಕಾಣುವ ದಪ್ಪ ತೆಳುವಿನ ವ್ಯತ್ಯಾಸವನ್ನು ಲೋಹದ ಅಚ್ಚುಮೊಳೆಯಲ್ಲಿ ತರಬೇಕೆಂಬುದು ಬಾಸ್ಕರ್‌ವಿಲ್ ಅವರ ಹಂಬಲವಾಗಿತ್ತು. ಆದರೆ ಆಗಿನ ಕಾಗದದ ಮೇಲೆ, ಅದನ್ನು ತಯಾರಿಸುವ ಅಚ್ಚಿನ ತಂತಿಗಳ ಏರುತಗ್ಗಿನ ಗುರುತು ಉಳಿಯುತ್ತಿದ್ದುದರಿಂದ ಅಷ್ಟು ತೆಳುವಾದ ಗೆರೆ ಅದರ ಮೇಲೆ ಚೆನ್ನಾಗಿ ಮೂಡುವಂತಿರಲಿಲ್ಲ. ಆದ್ದರಿಂದ ಅವರು ಅಕ್ಷರದ ಜೊತೆಗೆ ಮಿಕ್ಕೆಲ್ಲವನ್ನೂ ಸುಧಾರಿಸಿದರು: ಕಡುಕಪ್ಪು ಮಸಿ ತಯಾರಿಸಿದರು, ಮುದ್ರಿಸಿದ ಹಾಳೆಗಳನ್ನು ಬಿಸಿ ತಾಮ್ರದ ಫಲಕಗಳ ನಡುವೆ ಒತ್ತಿ ನುಣುಪಾಗಿಸಿದರು, ನೇಯ್ದ ತಂತಿಬಲೆಯ ಅಚ್ಚಿನಿಂದ ತೆಗೆದ ನಯವಾದ ಕಾಗದವನ್ನು 1757ರಲ್ಲಿ ತಮ್ಮ ಮೊದಲ ಪುಸ್ತಕವಾದ ವರ್ಜಿಲ್‌ನ ಕಾವ್ಯಗಳಿಗೆ ಭಾಗಶಃ ಬಳಸಿದರು.

ಈ ಗೆರೆಗಳು ಓದುಗರ ಕಣ್ಣು ಕೆಡಿಸುತ್ತವೆಂದು ಒಬ್ಬರು ಆಕ್ಷೇಪಿಸಿದಾಗ ಅಮೆರಿಕದ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್ ಆ ವ್ಯಕ್ತಿಗೆ ಕ್ಯಾಸ್ಲನ್ನನ ಅಕ್ಷರಗಳ ಮಾದರಿ ಹಾಳೆಯನ್ನು, ಅದರಲ್ಲಿದ್ದ ಹೆಸರನ್ನು ಹರಿದು, ಬಾಸ್ಕರ್‌ವಿಲ್‌ನದೆಂದು ಕೊಟ್ಟರು. ಆಕ್ಷೇಪಿಸಿದವರು ಅದರಲ್ಲೂ ಅದೇ ದೋಷಗಳನ್ನು ಕಂಡರು. ಪೂರ್ವಗ್ರಹವಿದ್ದರೆ ಕಣ್ಣು ಎಷ್ಟು ಬೇಗ ದೋಷ ಕಾಣುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಗೊತ್ತಿಲ್ಲ.

ಗುರುತಿಸಲು: ಚಿಕ್ಕ ‘ಜಿ’ಯ ಕೆಳಗಿನ ಕುಣಿಕೆ ಪೂರ್ತಿ ಮುಚ್ಚಿರುವುದಿಲ್ಲ, ದೊಡ್ಡ ‘ಕ್ಯೂ’ವಿನ ಬಾಲ ಬೀಸಾಗಿ ಚಾಚಿರುತ್ತದೆ, ದುಂಡು ಅಕ್ಷರಗಳ ಒತ್ತು (ದಪ್ಪ ತೆಳು ಭಾಗಗಳ ವಾಲಿಕೆ) ಬಹುಮಟ್ಟಿಗೆ ನೇರವಾಗಿ ನಿಂತಿರುತ್ತದೆ.

ಬಾಸ್ಕರ್‌ವಿಲ್ 1775ರಲ್ಲಿ ತೀರಿಕೊಂಡ ಬಳಿಕ ಅವರ ಮೊಳೆಗಳು ಫ್ರೆಂಚರ ಕೈಸೇರಿ, ವೋಲ್ಟೇರನ ಸಮಗ್ರ ಕೃತಿಗಳ ಮುದ್ರಣಕ್ಕೆ ಬಳಕೆಯಾದವು. 1923ರಲ್ಲಿ ಮೊನೊಟೈಪ್ ಸಂಸ್ಥೆ ಈ ಶೈಲಿಯನ್ನು ಪುನರುಜ್ಜೀವಿಸಿತು.

ಇಂದಿನ ಬಳಕೆಗೂ ಮೇಲಿನ ಕಾರಣವೇ ಅನ್ವಯಿಸುತ್ತದೆ. ಒಳ್ಳೆಯ ಕಾಗದದ ಪುಸ್ತಕಕ್ಕೂ ದೊಡ್ಡ ಶೀರ್ಷಿಕೆಗೂ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ಒರಟು ಕಾಗದದಲ್ಲಿ ಅಥವಾ ಕಡಿಮೆ ಸ್ಪಷ್ಟತೆಯ ಪರದೆಯಲ್ಲಿ ಚಿಕ್ಕದಾಗಿ ಬಳಸಿದರೆ ತೆಳು ಗೆರೆಗಳು ಮಾಸುತ್ತವೆ. ಪರದೆಯ ಪಠ್ಯಕ್ಕೆಂದೇ ರೂಪಿಸಿದ ಲಿಬ್ರೆ ಬಾಸ್ಕರ್‌ವಿಲ್‌ನಲ್ಲಿ ಚಿಕ್ಕ ಅಕ್ಷರಗಳ ಎತ್ತರವನ್ನು ಹೆಚ್ಚಿಸಿ, ಒಳಜಾಗವನ್ನು ಅಗಲಿಸಿ, ದಪ್ಪ ತೆಳುವಿನ ಅಂತರವನ್ನು ತಗ್ಗಿಸಿದ್ದಾರೆ. ಎರಡನ್ನೂ ಒಂದೇ ಅಳತೆಯಲ್ಲಿ ಮುದ್ರಿಸಿ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ.