ಎಪ್ಸಿಲಾನ್ ಯಾಕೆ ಅದಲು-ಬದಲು? ಎಚ್‌ಬಿಎನ್‌ನಲ್ಲಿ ಬೆಳಕನ್ನು ಕುಗ್ಗಿಸುವ ಲೆಕ್ಕ

ಎಂಎಸ್ಸಿ ಸೆಮಿನಾರಿಗೆ ಓದುತ್ತಾ ಮೂರು ದಿನ ಒಂದೇ ಸಮೀಕರಣದಲ್ಲಿ ಸಿಕ್ಕಿಕೊಂಡಿದ್ದೆ. ನಿನ್ನೆ ರಾತ್ರಿ ಬಿಡಿಸಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತೇನೆ. ಕಾಸರಗೋಡಿನಲ್ಲಿ ಹತ್ತನೇ ತನಕ ಕನ್ನಡದಲ್ಲೇ ಫಿಸಿಕ್ಸ್ ಕಲಿತು ಈಗ ಇಂಗ್ಲಿಷಿನಲ್ಲಿ ಓದುತ್ತಿರುವವರಿಗೆ ಉಪಯೋಗವಾಗಬಹುದು.

2004ರಲ್ಲಿ ವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ಟೇಪ್ ಅಂಟಿಸಿ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಬಿಡಿಸಿದ ಕಥೆ ಎಲ್ಲರಿಗೂ ಗೊತ್ತಿದೆ. ನನ್ನ ವಿಷಯ ಅದರ ಜೊತೆಗಾರ, ಹೆಕ್ಸಾಗೊನಲ್ ಬೋರಾನ್ ನೈಟ್ರೈಡ್. ಚಿಕ್ಕದಾಗಿ ಎಚ್‌ಬಿಎನ್. ಕಾಗೆ ಬಂಗಾರದ ಹಾಗೆ ಪದರ ಪದರವಾಗಿ ಏಳುತ್ತದೆ. ಒಂದು ಪದರ ಸುಮಾರು 0.33 ನ್ಯಾನೋಮೀಟರ್.

ಬೆಳಕು ಕುಗ್ಗುವುದು ಅಂದರೆ

ಬಣ್ಣ ಬದಲಾಗುತ್ತದೆ ಅಂತ ಅಂದುಕೊಳ್ಳಬೇಡಿ. ಬೇಕಲ ಕೋಟೆಯ ಬುರುಜಿನ ಮೇಲೆ ನಿಂತು ನೋಡಿ. ದೂರದಲ್ಲಿ ಅಲೆಗಳ ಸಾಲು ಅಗಲಗಲ. ದಡದ ಹತ್ತಿರ ನೀರು ಆಳವಿಲ್ಲ, ಅಲೆಯ ವೇಗ ಇಳಿಯುತ್ತದೆ, ಸಾಲುಗಳು ಒತ್ತೊತ್ತಾಗುತ್ತವೆ. ಆದರೆ ನಿಮಿಷಕ್ಕೆ ಎಷ್ಟು ಅಲೆ ಅಂತ ಎಣಿಸಿದರೆ ಎರಡೂ ಕಡೆ ಒಂದೇ. ಆವೃತ್ತಿ ಅದೇ, ತರಂಗದೂರ ಮಾತ್ರ ಕಮ್ಮಿ. ಎಚ್‌ಬಿಎನ್ ಒಳಗೆ ಬೆಳಕು ಪರಮಾಣುಗಳ ಕಂಪನದ ಜೊತೆ ಬೆಸೆದುಕೊಂಡಾಗಲೂ ಹೀಗೇ. ಈ ಬೆಸುಗೆಯ ಹೆಸರು ಫೋನಾನ್ ಪೋಲಾರಿಟಾನ್.

ನನ್ನನ್ನು ಕಾಡಿದ ಹೆಜ್ಜೆ

ಕೆ ಅಂದರೆ ಒಂದು ಅಳತೆಯೊಳಗೆ ಎಷ್ಟು ಅಲೆ ಹಿಡಿಸುತ್ತದೆ ಅನ್ನುವ ಲೆಕ್ಕ. ಗಾಳಿಯಲ್ಲಿ ಅದು 1 ಅಂತ ಇಟ್ಟುಕೊಳ್ಳೋಣ. ಪದರದ ಉದ್ದಕ್ಕೆ ಹೋಗುವುದು ‘ಅಡ್ಡ’, ಪದರಗಳನ್ನು ದಾಟಿ ಹೋಗುವುದು ‘ಲಂಬ’. ಎಪ್ಸಿಲಾನ್ ಅಂದರೆ ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಅನ್ನುವ ಅಂಕಿ, ದಿಕ್ಕಿಗೊಂದು. ಸಮೀಕರಣ ಹೀಗಿದೆ:

(ಅಡ್ಡ ಕೆ)² ÷ ಲಂಬ ಎಪ್ಸಿಲಾನ್ + (ಲಂಬ ಕೆ)² ÷ ಅಡ್ಡ ಎಪ್ಸಿಲಾನ್ = 1

ಅಡ್ಡ ಕೆ ಕೆಳಗೆ ಲಂಬ ಎಪ್ಸಿಲಾನ್ ಯಾಕೆ? ಅಚ್ಚಿನ ತಪ್ಪು ಅಂತಲೇ ನಂಬಿದ್ದೆ. ಬೇರೆ ಪುಸ್ತಕದಲ್ಲೂ ಹಾಗೇ ಇತ್ತು.

ತೋಟದಲ್ಲಿ ನೀರಿನ ಪೈಪು ಕಂಗಿನ ಬುಡಕ್ಕೆ ಸಿಕ್ಕಿಕೊಂಡರೆ ಏನು ಮಾಡುತ್ತೇವೆ? ಒಂದು ತುದಿ ಹಿಡಿದು ಮೇಲೆ-ಕೆಳಗೆ ಕೊಡವುತ್ತೇವೆ. ಗೂನು ಆಚೆ ತುದಿಗೆ ಓಡುತ್ತದೆ. ಪೈಪು ಮಾತ್ರ ಮೇಲೆ-ಕೆಳಗೆ ಅಷ್ಟೇ ಆಡುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವ ಬೆಳಕೂ ಹಾಗೇ: ಅಲೆ ಅಡ್ಡ ಓಡಿದರೆ ಅದರ ವಿದ್ಯುತ್ ಕ್ಷೇತ್ರ ಲಂಬವಾಗಿ ಆಡುತ್ತದೆ. ವಸ್ತುವನ್ನು ತಳ್ಳಿ ಎಳೆಯುವುದು ಕ್ಷೇತ್ರ ತಾನೇ? ಆದ್ದರಿಂದ ಅದಕ್ಕೆ ಸಿಗುವುದು ಲಂಬ ಎಪ್ಸಿಲಾನ್. ಅಲೆ ಎತ್ತ ಓಡುತ್ತದೆ ಅಂತ ನೋಡಬೇಡಿ, ಕ್ಷೇತ್ರ ಎತ್ತ ಆಡುತ್ತದೆ ಅಂತ ನೋಡಿ. ನನಗೆ ಬಾಗಿಲು ತೆರೆದದ್ದು ಇಲ್ಲೇ.

ಈಗ ಸುಲಭದ ಅಂಕಿ ಹಾಕೋಣ (ಎಚ್‌ಬಿಎನ್‌ನ ನಿಜವಾದ ಅಂಕಿಗಳಲ್ಲ, ಬರೀ ಲೆಕ್ಕಕ್ಕೆ). ಎರಡೂ ಎಪ್ಸಿಲಾನ್ 4 ಆದರೆ ಎರಡು ವರ್ಗಗಳ ಮೊತ್ತ 4. ಅದು ವೃತ್ತ. ಅಡ್ಡ ಕೆ ಎಷ್ಟು ಎಳೆದರೂ 2ರ ಮೇಲೆ ಹೋಗದು. ಅಡ್ಡ ಎಪ್ಸಿಲಾನ್ ಒಂದನ್ನೇ ಮೈನಸ್ 4 ಮಾಡಿ. ಮೊತ್ತದ ಜಾಗದಲ್ಲಿ ವ್ಯತ್ಯಾಸ 4 ಆಯಿತು. ಅದು ಹೈಪರ್ಬೋಲಾ, ಅಂದರೆ ವೃತ್ತದ ಹಾಗೆ ಮುಚ್ಚಿಕೊಳ್ಳದೆ ಕೊನೆಯಿಲ್ಲದೆ ಓಡುವ ಗೆರೆ! ಲಂಬ ಕೆ 10 ಆದರೆ ಅಡ್ಡ ಕೆ ಸುಮಾರು 10.2. ಲಂಬ ಕೆ 100 ಆದರೆ ಅಡ್ಡ ಕೆಯೂ ಹೆಚ್ಚುಕಮ್ಮಿ 100. ಅಂದರೆ 7 ಮೈಕ್ರೋಮೀಟರಿನ ಬೆಳಕು 70 ನ್ಯಾನೋಮೀಟರಿಗೆ ಇಳಿಯಿತು. ಒಂದೇ ಒಂದು ಚಿಹ್ನೆ ಬದಲಾದದ್ದಕ್ಕೆ ಇಷ್ಟೆಲ್ಲ! ಕಾಗದದ ಮೇಲೆ ಇದಕ್ಕೆ ಕೊನೆಯೇ ಇಲ್ಲ. ನಿಜವಾದ ಹರಳಿನಲ್ಲಿ ಶಕ್ತಿ ಸೋರುವುದರಿಂದ ಒಂದು ಮಿತಿ ಇದೆ.

ಲಂಬ ಕೆ ನಮ್ಮ ಕೈಯಲ್ಲೇ ಇದೆ. ಅಲೆ ಹಾಳೆಯ ದಪ್ಪದೊಳಗೆ ಹಿಡಿಸಬೇಕಲ್ಲ, ಹಾಗಾಗಿ ಹಾಳೆ ತೆಳುವಾದಷ್ಟೂ ಅದು ಜಾಸ್ತಿ. ಹೆಚ್ಚು ಕುಗ್ಗಿಸಬೇಕಾ, ತೆಳುವಾದ ಹಾಳೆ ಆರಿಸಿ.

ಒಂದೇ ದಿಕ್ಕಿಗೆ ಮೈನಸ್ ಯಾಕೆ

ಪದರದೊಳಗೆ ಬೋರಾನ್-ನೈಟ್ರೋಜನ್ ಬಂಧ ಗಟ್ಟಿ. ಪದರ-ಪದರದ ನಡುವೆ ಸಡಿಲ. ಹಾಗಾಗಿ ಅಡ್ಡ ಕಂಪನ, ಲಂಬ ಕಂಪನ ಬೇರೆ ಬೇರೆ ಆವೃತ್ತಿಯಲ್ಲಿ. ಅಯಾನುಗಳು ಕ್ಷೇತ್ರಕ್ಕೆ ಎದುರಾಗಿ ಆಡುವ ಪಟ್ಟಿಯಲ್ಲಿ ಎಪ್ಸಿಲಾನ್ ಮೈನಸ್ ಆಗುತ್ತದೆ. ಅಡ್ಡಕ್ಕೆ ಆ ಪಟ್ಟಿ (ಗಾಳಿಯಲ್ಲಿನ ತರಂಗದೂರದ ಲೆಕ್ಕದಲ್ಲಿ) ಸುಮಾರು 6.2ರಿಂದ 7.3 ಮೈಕ್ರೋಮೀಟರ್, ಲಂಬಕ್ಕೆ 12-13ರ ಆಸುಪಾಸು. ಎರಡೂ ಒಂದರ ಮೇಲೊಂದು ಬೀಳುವುದಿಲ್ಲ.

ಒಳಗೆ ಕಳಿಸುವುದು

ಸುಮ್ನೆ ಲೇಸರ್ ಬಿಟ್ಟರೆ ಅಷ್ಟು ದೊಡ್ಡ ಕೆ ಸಿಗದು. ಬೆಳಕನ್ನು ತನ್ನ ತುದಿಯಷ್ಟು ಜಾಗಕ್ಕೆ ಒತ್ತುವ, ಹತ್ತಾರು ನ್ಯಾನೋಮೀಟರಿನ ಲೋಹದ ಸೂಜಿಮೊನೆ ಬೇಕು. ಇದೇ ಉಪಾಯದಿಂದ 2012ರಲ್ಲಿ ಗ್ರಾಫೀನ್‌ನ ಪ್ಲಾಸ್ಮಾನ್ ಅಲೆಗಳನ್ನೂ (ಎಲೆಕ್ಟ್ರಾನುಗಳ ಆಟದ ಜೊತೆ ಬೆಸೆದ ಬೆಳಕು) 2014ರಲ್ಲಿ ಎಚ್‌ಬಿಎನ್‌ನ ಅಲೆಗಳನ್ನೂ ಕಂಡರು.

ಮಾಲಿಬ್ಡಿನಮ್ ಟ್ರೈಆಕ್ಸೈಡ್ ಅನ್ನುವ ಇನ್ನೊಂದು ಪದರ ಪದರದ ಹರಳಿನಲ್ಲಿ ಪದರದ ಒಳಗೇ ಎರಡು ದಿಕ್ಕಿಗೆ ಎಪ್ಸಿಲಾನ್‌ಗೆ ಬೇರೆ ಬೇರೆ ಚಿಹ್ನೆ. ಅದರ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ತಿರುಗಿಸಿದರೆ ಒಂದು ಕೋನದಲ್ಲಿ ಹೈಪರ್ಬೋಲಾ ಮುಚ್ಚಿಕೊಂಡು ಎಲಿಪ್ಸ್ ಆಗುತ್ತದೆ. ಸರಿಯಾಗಿ ಆ ಕೋನದ ಹತ್ತಿರ ಬೆಳಕು ಹರಡದೆ ನೇರ ಗೆರೆಯಲ್ಲಿ ಓಡುತ್ತದೆ. 2020ರಲ್ಲಿ ಮಾಡಿ ತೋರಿಸಿದ್ದಾರೆ. ನಾಳೆಯಿಂದ ಅದರ ಲೆಕ್ಕ.