ಹತ್ತು ತಿಂಗಳು, ಮೂರು ಮದ್ದು ಪರೀಕ್ಷೆ: ಆಫ್ರಿಕಾದ ಓಟಗಾರರು ಕೂಟಕ್ಕೆ ಸಜ್ಜಾಗುವ ಬಗೆ

ಆಫ್ರಿಕಾದ ಓಟಗಾರರ ಯಶಸ್ಸಿನ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಎತ್ತರದ ಪ್ರದೇಶ, ವಂಶವಾಹಿ, ಬಡತನ ಎಂದು ಮೂರು ಕಾರಣ ಬರೆದು ಮುಗಿಸುವವರೇ ಹೆಚ್ಚು. ಆದರೆ ಅವರ ಸಿದ್ಧತೆಯಲ್ಲಿ ಕಾಲಿನ ಕೆಲಸ (ಓಟದ ತರಬೇತಿ) ಎಷ್ಟಿದೆಯೋ ಕಾಗದದ ಕೆಲಸವೂ (ಮದ್ದು ಪರೀಕ್ಷೆಯ ಲೆಕ್ಕ, ಹೆಸರು ಸಲ್ಲಿಕೆ) ಅಷ್ಟೇ ಇದೆ. ಮೊದಲನೆಯದಕ್ಕೆ ಕೀನ್ಯಾ, ಎರಡನೆಯದಕ್ಕೆ ನೈಜೀರಿಯಾ ಒಳ್ಳೆಯ ಉದಾಹರಣೆ.

ಕಾಲಿನ ಕೆಲಸ

ಕೀನ್ಯಾದ ಇಟೆನ್ ಪಟ್ಟಣ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ ಎಂದು ಬರೆದರೆ ತಪ್ಪು. ಪ್ರಮಾಣ ಎಲ್ಲ ಕಡೆಯೂ ಶೇ 21. ಕಡಿಮೆಯಾಗುವುದು ಒತ್ತಡ, ಅದೂ ಹೆಚ್ಚುಕಡಿಮೆ ಕಾಲು ಭಾಗ. ಒತ್ತಡ ಇಳಿದಾಗ ಮೂತ್ರಪಿಂಡ ಹೆಚ್ಚು ಇಪಿಒ ಹಾರ್ಮೋನು ಸ್ರವಿಸುತ್ತದೆ, ಅದರಿಂದ ಕೆಂಪು ರಕ್ತಕಣ ಹೆಚ್ಚುತ್ತದೆ. ಹೊರಗಿನಿಂದ ಬಂದವರಿಗೆ ಈ ಲಾಭ ಕಾಣಲು ಮೂರು–ನಾಲ್ಕು ವಾರ ಬೇಕು.

ಕೀನ್ಯಾದ ಕಪ್ಟಗಾಟ್ ಶಿಬಿರದಲ್ಲಿ ತರಬೇತುದಾರ ಪ್ಯಾಟ್ರಿಕ್ ಸಾಂಗ್ ಅವರ ಗರಡಿಯಲ್ಲಿ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ ಅನುಸರಿಸಿದ ವಾರದ ಕ್ರಮ ನೋಡಿ: ಮಂಗಳವಾರ ಟ್ರ್ಯಾಕ್, ಗುರುವಾರ ದೂರದ ಓಟ (ಒಂದು ವಾರ 30 ಕಿ.ಮೀ., ಮರುವಾರ 40), ಶನಿವಾರ ಫಾರ್ಟ್ಲೆಕ್, ಅಂದರೆ ಮೂರು ನಿಮಿಷ ಜೋರು, ಒಂದು ನಿಮಿಷ ನಿಧಾನ, ಹೀಗೆ ಹದಿಮೂರು ಸುತ್ತು. ಉಳಿದ ದಿನ ಹಗುರ ಓಟ. ವಾರಕ್ಕೆ 200 ಕಿ.ಮೀ. ದಾಟುತ್ತದೆ.

ಹೊಸಬರು ಎಡವುವುದು ಈ ಹಗುರ ಓಟದಲ್ಲೇ. ಅಲ್ಲಿನವರು ಬೆಳಗಿನ ಜಾವ ನಿಧಾನವಾಗಿ ಹೆಜ್ಜೆ ಹಾಕುತ್ತಾ, ಮಾತಾಡುತ್ತಾ ಕೆಂಪು ಮಣ್ಣಿನ ದಾರಿಯಲ್ಲಿ ಹೊರಡುತ್ತಾರೆ. ವೇಗ ಏರುವುದೇನಿದ್ದರೂ ಕೊನೆಯ ಕಿಲೋಮೀಟರುಗಳಲ್ಲಿ. ಹೊಸಬ ಮೊದಲ ಕಿಲೋಮೀಟರಿನಿಂದಲೇ ಬಿರುಸಾಗಿ ಓಡಿ, ಮಂಗಳವಾರ ಟ್ರ್ಯಾಕಿಗೆ ಬರುವಷ್ಟರಲ್ಲಿ ಬಸವಳಿದಿರುತ್ತಾನೆ. ಹಗುರ ದಿನ ಹಗುರವಾಗಿ ಓಡದವನಿಗೆ ಕಠಿಣ ದಿನ ಕಠಿಣವಾಗಿ ಓಡಲು ಆಗದು.

ಊಟದಲ್ಲಿ ಗುಟ್ಟೇನೂ ಇಲ್ಲ. ಉಗಾಲಿ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅನ್ನಿ), ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ, ಹಾಲು–ಸಕ್ಕರೆ ಧಾರಾಳವಾಗಿ ಹಾಕಿದ ಚಹಾ.

ಇದೇ ಎತ್ತರಕ್ಕೆ ಇನ್ನೊಂದು ಮುಖವೂ ಇದೆ. ನೈರೋಬಿಯೂ ಸುಮಾರು 1,700 ಮೀಟರ್ ಎತ್ತರದ ಊರು. ಅಲ್ಲಿನ ಟ್ರ್ಯಾಕಿನಲ್ಲಿ 5,000, 10,000 ಮೀಟರ್ ಓಡಿ ಒಲಿಂಪಿಕ್ ಅರ್ಹತಾ ಸಮಯ ಮುಟ್ಟುವುದು ಬಲು ಕಷ್ಟ. ಹಾಗಾಗಿ ಯೂರೋಪಿನ ಕೂಟಗಳಿಗೆ ಹೋಗಲೇಬೇಕು, ಹೋಗಲು ವೀಸಾ ಬೇಕು. ವೀಸಾದ ಪಾಡು ಅಮೆರಿಕಕ್ಕೆ ಹೋಗುವಾಗಲೂ ತಪ್ಪಿದ್ದಲ್ಲ: ಅಲ್ಲಿನ ಯೂಜೀನ್‌ನಲ್ಲಿ ನಡೆದ 2022ರ ವಿಶ್ವ ಚಾಂಪಿಯನ್‌ಷಿಪ್‌ಗೆ ಕೀನ್ಯಾದ ವೇಗದ ಓಟಗಾರ ಫರ್ಡಿನಾಂಡ್ ಒಮನ್ಯಾಲಾಗೆ ವೀಸಾ ಸಿಕ್ಕಿದ್ದು ಎಷ್ಟು ತಡವಾಗಿ ಎಂದರೆ, ವಿಮಾನ ಇಳಿದ ಕೆಲವೇ ಗಂಟೆಗಳಲ್ಲಿ 100 ಮೀಟರ್ ಹೀಟ್ (ಮೊದಲ ಸುತ್ತು) ಓಡಬೇಕಾಯಿತು.

ಕಾಗದದ ಕೆಲಸ

ಈ ಭಾಗವನ್ನು ನಿಧಾನವಾಗಿ ಓದಿ. ಉದ್ದೀಪನ ಮದ್ದಿನ ಅಪಾಯ ಹೆಚ್ಚಿರುವ ದೇಶಗಳನ್ನು ಕ್ರೀಡೆಯ ಆಡಳಿತ ಸಂಸ್ಥೆ ವಿಶ್ವ ಅಥ್ಲೆಟಿಕ್ಸ್ ‘ಎ’ ವರ್ಗಕ್ಕೆ ಸೇರಿಸುತ್ತದೆ. ಆ ದೇಶದ ಅಥ್ಲೀಟ್ ದೊಡ್ಡ ಕೂಟಕ್ಕೆ ಮುಂಚಿನ 10 ತಿಂಗಳಲ್ಲಿ ಕನಿಷ್ಠ ಮೂರು ಬಾರಿ, ಮುನ್ಸೂಚನೆ ಇಲ್ಲದೆ, ಸ್ಪರ್ಧೆಯ ಹೊರಗೆ, ರಕ್ತ–ಮೂತ್ರ ಪರೀಕ್ಷೆಗೆ ಒಳಗಾಗಿರಬೇಕು. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ಕನಿಷ್ಠ ಮೂರು ವಾರ ಅಂತರ ಇರಬೇಕು.

ಲೆಕ್ಕ ಹಾಕಿ. ಮೊದಲನೆಯ ಪರೀಕ್ಷೆಯಿಂದ ಮೂರನೆಯದಕ್ಕೆ ಕನಿಷ್ಠ ಆರು ವಾರ. ಕೂಟಕ್ಕೆ ಒಂದು ತಿಂಗಳಿರುವಾಗ ನಡೆದ ಆಯ್ಕೆ ಸ್ಪರ್ಧೆಯಲ್ಲಿ ಅದುವರೆಗೆ ಯಾರಿಗೂ ಗೊತ್ತಿಲ್ಲದ ಹುಡುಗಿಯೊಬ್ಬಳು ಗೆದ್ದಳೆನ್ನಿ. ಅವಳು ಎಷ್ಟೇ ವೇಗವಾಗಿ ಓಡಲಿ, ಈ ನಿಯಮ ದಾಟಲಾರಳು. ಆದ್ದರಿಂದ ಗೆಲ್ಲುವವರನ್ನಷ್ಟೇ ಅಲ್ಲ, ಗೆಲ್ಲಬಹುದಾದವರನ್ನೆಲ್ಲ ಆಯಾ ದೇಶದ ಅಥ್ಲೆಟಿಕ್ಸ್ ಫೆಡರೇಷನ್ ವರ್ಷದ ಹಿಂದೆಯೇ ಪಟ್ಟಿ ಮಾಡಿ ಪರೀಕ್ಷೆಗೆ ಒಳಪಡಿಸಬೇಕು. ಇದಕ್ಕೆ ದುಡ್ಡು ಬೇಕು. 2022ರಲ್ಲಿ ಮದ್ದಿನ ಪ್ರಕರಣಗಳಿಂದ ನಿಷೇಧದ ಅಂಚಿಗೆ ಬಂದಿದ್ದ ಕೀನ್ಯಾ, ಅದನ್ನು ತಡೆಯಲು ಐದು ವರ್ಷ ಕಾಲ ವರ್ಷಕ್ಕೆ 50 ಲಕ್ಷ ಡಾಲರ್ ಕೊಡುವುದಾಗಿ ಒಪ್ಪಿಕೊಂಡು ಪಾರಾಯಿತು.

ನೈಜೀರಿಯಾ 2020ರಲ್ಲಿ ‘ಎ’ ವರ್ಗಕ್ಕೆ ಸೇರಿತು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಹೊತ್ತಿಗೆ ಅದರ 10 ಅಥ್ಲೀಟ್‌ಗಳು ಅನರ್ಹರಾದರು. ಯಾರೂ ಮದ್ದು ತೆಗೆದುಕೊಂಡು ಸಿಕ್ಕಿಬಿದ್ದಿದ್ದಲ್ಲ, ಪರೀಕ್ಷೆಗಳ ಲೆಕ್ಕ ತುಂಬಿರಲಿಲ್ಲ ಅಷ್ಟೇ. ಅಮೆರಿಕದ ಕಾಲೇಜುಗಳಲ್ಲಿದ್ದ ಕೆಲವರಿಗೆ ಪರೀಕ್ಷೆ ಆಗಿತ್ತು ನಿಜ. ಆದರೆ ಮಾದರಿ ಸಂಗ್ರಹ, ಪ್ರಯೋಗಾಲಯ ಎರಡೂ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಮಾನದಂಡಕ್ಕೆ ಒಳಪಟ್ಟಿರದ ಕಾರಣ ಅವು ಲೆಕ್ಕಕ್ಕೆ ಬರಲಿಲ್ಲ.

ಗೊಂದಲ ಬೇಡ: ‘ಇರುವೆಡೆ ಮಾಹಿತಿ’ಯ ನಿಯಮ ಬೇರೆಯೇ. ಮದ್ದು ಪರೀಕ್ಷೆಗೆ ನೋಂದಾಯಿತರ ಪಟ್ಟಿಯಲ್ಲಿರುವ ಅಥ್ಲೀಟ್ ಪ್ರತಿದಿನ ಒಂದು ಗಂಟೆ ತಾನು ಎಲ್ಲಿ ಸಿಗುತ್ತೇನೆಂದು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಅಪರಾಧ. ‘ಎ’ ವರ್ಗದ ನಿಯಮದಲ್ಲಿ ಹೊಣೆ ಫೆಡರೇಷನ್ನಿನದು, ಇದರಲ್ಲಿ ಅಥ್ಲೀಟಿನದೇ. ಉತ್ತರಪತ್ರಿಕೆಯಲ್ಲಿ ಎರಡನ್ನೂ ಕಲಸಿ ಬರೆಯಬೇಡಿ.

ಟೋಕಿಯೋದಲ್ಲಿ ಅನರ್ಹರಾದ ಆ ಹತ್ತು ಜನರಲ್ಲಿ ಓಟಗಾರ್ತಿ ಫೇವರ್ ಒಫಿಲಿ ಕೂಡ ಇದ್ದರು. 2024ರ ಪ್ಯಾರಿಸ್‌ಗೆ ಅವರು 100 ಮೀಟರ್ ಅರ್ಹತೆ ಪಡೆದಿದ್ದರು. ಆದರೆ ಆ ಸ್ಪರ್ಧೆಗೆ ಸಲ್ಲಿಕೆಯಾದ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಹೆಸರಿದ್ದ 200 ಮೀಟರ್‌ನಲ್ಲಿ ಓಡಿ, ಫೈನಲ್ ತಲುಪಿ, ಆರನೆಯವರಾದರು.